ಸೆರಗು ಬಾಕಿ ಇದ್ದ ಸೀರೆ

ನನ್ನ ಅಜ್ಜಿಯನ್ನು ನಾನು ಅವ್ವ ಎನ್ನುತ್ತಿದ್ದೆ. ನಮ್ಮ ಕುಷ್ಟಗಿ ಸೀಮೆಯಲ್ಲಿ ಅವ್ವ ಎಂದರೆ ತಾಯಿ. ಅವಳು ಬಿಟ್ಟುಬಂದ ತೆಲುಗು ನೆಲದಲ್ಲಿ ಅವ್ವ ಎಂದರೆ ಅಜ್ಜಿ. ನನ್ನನ್ನು ಹಡೆದವಳು ಬಾಣಂತನದಲ್ಲೇ ತೀರಿಕೊಂಡಳು, ಅಪ್ಪ ಅದಕ್ಕೂ ಮುಂಚೆಯೇ ಹೋಗಿದ್ದ. ಹೀಗಾಗಿ ಎರಡೂ ಕಡೆಯಿಂದ ಅವಳೇ ನನಗೆ ಅವ್ವ.

ಆದೋನಿ ಕಡೆಯ ನೇಕಾರರ ಮನೆಯವಳು. ಗಂಡ ಸತ್ತ ಮೇಲೆ ಬಗಲಲ್ಲಿ ಕೂಸಾಗಿದ್ದ ನನ್ನ ತಾಯಿ, ತಲೆಯ ಮೇಲೆ ಕೌದಿಯಲ್ಲಿ ಸುತ್ತಿದ ಮಗ್ಗದ ಸಾಮಾನು ಹೊತ್ತು, ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ನಿಜಾಮರ ಸೀಮೆಗೆ ಬಂದಿದ್ದಳಂತೆ. ಕುಷ್ಟಗಿಗೂ ಯಲಬುರ್ಗಾಕ್ಕೂ ನಡುವಿನ ನಮ್ಮ ಊರಿನ ಗೌಡರು ತಮ್ಮ ಹಿತ್ತಲ ತುದಿಯ ಹಾಳುಕೋಣೆ ತೋರಿಸಿ, "ನೇಯೂತನಕ ಇರವ್ವ" ಅಂದಿದ್ದರು. ಆ ಮಾತನ್ನು ಅವಳು ಒಂದು ದಿನವೂ ಮರೆಯಲಿಲ್ಲ. ಕೋಣೆಯ ನಡುವೆ ತಾನೇ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯ್ದಳು. ಆ ಕುಣಿಮಗ್ಗದ ಸದ್ದಿನಲ್ಲೇ ನಾನು ಬೆಳೆದೆ.

ಅವಳ ಕನ್ನಡ, ಅವಳ ಅಡುಗೆ, ಎರಡೂ ಊರಿನವರಿಗೆ ನಗೆ. ಪಕ್ಕದ ಮನೆಯ ಮುದುಕಿಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ಆಕೆ ಗೋಡೆಯ ಮೇಲಿಂದ ಹಣಿಕಿ ಹಾಕಿ ಕೆಣಕುವಳು.

"ಏನಬೇ ಹೊಳಿ ಆಚಿಯಾಕಿ, ಇಷ್ಟ ವರ್ಷ ಆತು, ಇನ್ನೂ ರೊಟ್ಟಿ ದುಂಡಗ ಬಡ್ಯಾಕ ಬರವಲ್ದಲ್ಲ!"

"ಹರಕೊಂಡು ತಿನ್ನೂ ರೊಟ್ಟಿ ದುಂಡಗ ಯಾಕ ಬೇಕಕ್ಕಾ? ನನ್ನ ಸೀರಿ ಅಂಚು ಸೊಟ್ಟ ಇದ್ರ ಹೇಳು."

ಅಂಚು ಎಂದೂ ಸೊಟ್ಟ ಇರಲಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳು, ನೂಲು ಸಿಗುವುದೇ ದುಸ್ತರ. ಅಂಥದರಲ್ಲಿ ಗೌಡರ ಮಗಳ ಮದುವೆ ನಿಶ್ಚಯವಾಗಿ, ಸೀರೆ ನೇಯಲು ಅವ್ವನಿಗೇ ಹೇಳಿದರು. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುವಾಗ ಈ ತುದಿಗೆ ಅವಳು, ಆ ತುದಿಗೆ ನಾನು ಕೂತಿದ್ದೆವು. ಒಡಲು ಮುಗಿದಿತ್ತು, ಸೆರಗು ಬಾಕಿ. ಅಷ್ಟರಲ್ಲಿ ಊರಲ್ಲಿ ಇಲಿ ಸತ್ತು ಬಿದ್ದವು.

ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ. ಊರಿಗೆ ಊರೇ ಕಾಳುಕಡಿ, ದನಕರು ಸಮೇತ ಹೊಲಕ್ಕೆ ಹೋಗಿ ಗುಡಿಸಲು ಹಾಕಿತು. ಒಳಗೆ ಯಾರೂ ಹೋಗಕೂಡದೆಂದು ಗೌಡರ ಹುಕುಂ ಆಯಿತು. ಊರಬಾಗಿಲು ಅಗಸಿಯಲ್ಲಿ ತಳವಾರ ಕೂತ. ನಮ್ಮ ಗುಡಿಸಲು ಸಾಲಿನ ಕೊನೆಗೆ, ಎಲ್ಲರಿಂದ ಸ್ವಲ್ಪ ದೂರ. ಹೊರಗಿನಿಂದ ಬಂದವರಲ್ಲವೇ.

ಕುಣಿಮಗ್ಗವನ್ನು ಎತ್ತಿಕೊಂಡು ಬರಲಾಗುವುದಿಲ್ಲ. ಅರ್ಧ ನೇಯ್ದದ್ದನ್ನು ಕತ್ತರಿಸುವಂತೆಯೂ ಇಲ್ಲ. ಮಗ್ಗಕ್ಕೆ ಬಿಗಿದ ಉದ್ದನೆಯ ಎಳೆಗಳ ಹಾಸನ್ನು ನಡುವೆ ಕತ್ತರಿಸಿದ ಮನೆಯಲ್ಲಿ ಮತ್ತೆ ಮಗ್ಗ ನಡೆಯುವುದಿಲ್ಲ ಎಂಬುದು ಅವಳ ಕುಲದ ನಂಬಿಕೆ. ಗುಡಿಸಲಿನಲ್ಲಿ ಅವಳ ಕಾಲು ನಿಲ್ಲಲಿಲ್ಲ.

"ಜೀವಕ್ಕಿಂತ ಸೀರಿ ದೊಡ್ಡದೇನಬೇ?" ದೊಡ್ಡವ್ವ ಬೈದಳು.

"ನಿನಗೇನಕ್ಕಾ, ಹೊಲ ಐತಿ, ಮನಿ ಐತಿ. ನನಗ ನೇಯೂತನಕ ಇರು ಅಂದಾರ. ನೇಯದಿದ್ರ ಈ ಹುಡುಗಿನ್ನ ಎಲ್ಲಿ ಮಲಗಿಸ್ಲಿ?"

ಮರುದಿನ ಬೆಳಿಗ್ಗೆ ಅವಳು ಇರಲಿಲ್ಲ. ಬರಿದಾದ ಊರಿನೊಳಗಿಂದ ಮಗ್ಗದ ಸದ್ದು ಕೇಳಿಬಂತು. ಕಳ್ಳಿಬೇಲಿ ನುಸುಳಿ ಹೋಗಿದ್ದಳು. ಗುಡಿಸಲುಗಳ ಮುಂದೆ ಜನ ಒಲೆ ಬಿಟ್ಟೆದ್ದು ನಿಂತು ಕೇಳಿದರು. ಗೌಡರು ತಳವಾರನಿಗೆ ಅಂದದ್ದು ಒಂದೇ ಮಾತು: "ಹ್ವಾದಾಕಿ ಹ್ವಾದ್ಲು. ಹೊರಗ ಬಿಡಬ್ಯಾಡ."

ದಿನಾ ನಾನು ಅಗಸಿಯ ಕಲ್ಲಿನ ಮೇಲೆ ರೊಟ್ಟಿ, ಅಂಬಲಿ ಇಟ್ಟು ದೂರ ಸರಿಯುತ್ತಿದ್ದೆ. ಅವಳು ಬಂದು ಎತ್ತಿಕೊಂಡು ಅಲ್ಲಿಂದಲೇ ತೆಲುಗು ಬೆರೆಸಿ ಕೂಗುವಳು: "ಏಮೇ, ಅಂಬಲಿಗೆ ಉಪ್ಪು ಹಾಕೂದು ಮರ್ತೀಯೇನ?" ಬೈಗುಳ ಕೇಳಿದರೆ ನನಗೆ ಜೀವ ಬಂದಂತೆ. ಉಳಿದ ಹೊತ್ತೆಲ್ಲ ಕಿವಿ ಆ ಸದ್ದಿನ ಮೇಲೆ. ಸದ್ದು ಇದ್ದರೆ ಅವಳು ಇದ್ದಾಳೆ.

ಒಂದು ದಿನ ಅಂಬಲಿ ಕಲ್ಲಿನ ಮೇಲೆಯೇ ಹಳಸಿತು. ಮಗ್ಗ ಒಮ್ಮೆ ಬಡಿಯುವುದು, ಎಷ್ಟೋ ಹೊತ್ತು ಸುಮ್ಮನಾಗುವುದು, ಮತ್ತೆ ಒಮ್ಮೆ. ನಾನು ಗೌಡರ ಗುಡಿಸಲಿಗೆ ಓಡಿ ಕಾಲು ಹಿಡಿದೆ.

"ಚಕ್ಕಡಿ ಕೊಡ್ರಿ, ಕುಷ್ಟಗಿ ದವಾಖಾನಿಗೆ ಒಯ್ತೀನಿ. ನಿಮ್ಮ ಮಗಳ ಸೀರಿಗೇ ಹೋಗ್ಯಾಳ್ರಿ."

"ಆ ಸೀರಿ ಯಾರಿಗ ಬೇಕವ್ವ? ಇಳಕಲ್ಲಿಂದ ಬ್ಯಾರೆ ತರಿಸೇವಿ. ಬ್ಯಾನಿ ಬಿದ್ದ ಮನಿ ಸೀರಿ ಮದುವಿಗಿ ಉಡಸ್ತಾರೇನ?" ಗೌಡರ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಚಕ್ಕಡಿ ಯಾಂವ ಹೂಡ್ತಾನ, ನೀನ ಹೇಳು."

ಅಗಸಿಗೆ ಓಡಿದೆ. ತಳವಾರ ಕೋಲು ಅಡ್ಡ ಹಿಡಿದ. "ಒಳಗ ಹ್ವಾದ್ರ ಲಗೂನ ಹೊರಗ ಬರಂಗಿಲ್ಲ ನೋಡ ತಂಗಿ." ಆಮೇಲೆ ನನ್ನ ಮುಖ ನೋಡಿ ತಾನೇ ಕೋಲು ತೆಗೆದ.

ಅವ್ವ ಕುಣಿಯಲ್ಲೇ ಕೂತಿದ್ದಳು, ತಲೆ ನೇಯ್ದ ಬಟ್ಟೆಯ ಮೇಲೆ. ಮೈ ಕಾದ ಹಂಚು. ಬಗಲಲ್ಲಿ ಗಂಟು ಎದ್ದಿತ್ತು. ನನ್ನ ಗುರುತು ಹಿಡಿದಳು.

"ಗೌಡ್ರ ಮನಿಯವರು ಏನಂದ್ರು?"

"ದಾರಿ ಕಾಯಾಕತ್ಯಾರವ್ವ."

"ಒಂದು ಗೇಣು ಉಳದೈತಿ. ನೀ ಮುಗಿಸ್ತಿ, ಹೌದಿಲ್ಲೋ? ಕತ್ತರಿಸಬ್ಯಾಡ."

ನೀರು ಕುಡಿಸಿದೆ. ಗುಟುಕು ಒಳಗೆ ಇಳಿಯಲಿಲ್ಲ. ಹೊತ್ತು ಇಳಿಯುವ ಮುಂಚೆ ಜೀವ ಹೋಯಿತು.

ತಳವಾರನೊಬ್ಬನೇ ಹಿತ್ತಲ ಆಚೆ ಕುಣಿ ತೋಡಿದ. ಬಾಗಿಲ ಹೊರಗೆ ನಿಂತು ಕೇಳಿದ: "ಹೊದಿಸಾಕ ಹೊಸಾ ಬಟ್ಟಿ ಐತೇನವ್ವ?" ಯಾರೂ ತಂದಿರಲಿಲ್ಲ, ತರುವವರೂ ಇರಲಿಲ್ಲ. ಆ ಮನೆಯಲ್ಲಿ ಇದ್ದ ಹೊಸ ಬಟ್ಟೆ ಅದೊಂದೇ.

ಕುಡುಗೋಲು ತಂದು ಹಾಸು ಕತ್ತರಿಸಿದೆ. ಬಿಗಿದಿದ್ದ ಎಳೆಗಳು ಒಮ್ಮೆಲೇ ಸಡಿಲಾಗಿ ನೆಲಕ್ಕೆ ಬಿದ್ದವು. ಗೌಡರ ಮಗಳಿಗೆಂದು ನೇಯ್ದ ಸೀರೆಯನ್ನು ಅವಳಿಗೆ ಸುತ್ತಿದೆ. ಸೆರಗು ಮುಖಕ್ಕೆ ಸಾಲಲಿಲ್ಲ. ತುದಿಯಲ್ಲಿ ನೇಯದೆ ಉಳಿದ ಕೆಂಪು ಎಳೆಗಳನ್ನೇ ಹರವಿ ಮುಚ್ಚಿದೆ.

ಬೇನೆ ನನ್ನನ್ನು ಮುಟ್ಟಲಿಲ್ಲ. ಗುಡಿಸಲುಗಳಿಂದ ದೂರ ನನ್ನನ್ನು ಒಂಟಿಯಾಗಿ ಇಟ್ಟಷ್ಟು ದಿನವೂ ದೊಡ್ಡವ್ವ ದೂರದಲ್ಲಿ ಅನ್ನ ಇಟ್ಟು ಹೋದಳು. ಆಮೇಲೆ ಕೊಪ್ಪಳದಲ್ಲಿದ್ದ ತನ್ನ ತಮ್ಮನ ಮನೆಗೆ ಕರೆದೊಯ್ದು ಬಿಟ್ಟಳು. ಅವನು ಹೆಣ್ಣುಮಕ್ಕಳ ಸಾಲೆಯ ಜವಾನ. ಅವನ ಮನೆಯಲ್ಲಿ ಮುಸುರೆ ತಿಕ್ಕುತ್ತಾ ಆ ಸಾಲೆಯಲ್ಲಿ ಉರ್ದು ಕಲಿತೆ, ಕನ್ನಡ ಕಲಿತೆ, ಬಿ.ಎ. ಮಾಡಿದೆ. ನಮ್ಮ ಕುಲದಲ್ಲಿ ಗಂಡಸರೂ ಮಾಡಿರಲಿಲ್ಲ. ಇದನ್ನು ಎದೆತಟ್ಟಿ ಹೇಳುತ್ತೇನೆ, ಸಂಕೋಚವಿಲ್ಲ.

ಆದರೆ ಅವಳು ಅಂಜಿದ್ದ ಎರಡೂ ನಡೆದವು. ಮುಂದೆ ನಮ್ಮ ಮನೆಯಲ್ಲಿ ಮಗ್ಗ ನಡೆಯಲಿಲ್ಲ. ಊರು ತಿರುಗಿ ತುಂಬಿದ ಮೇಲೆ ಗೌಡರು ಮಗ್ಗದ ಕುಣಿಗೆ ಮಣ್ಣು ಹಾಕಿಸಿ, ಆ ಕೋಣೆಯಲ್ಲಿ ದನ ಕಟ್ಟಿಸಿದರು.