ಮಾಡವಿಲ್ಲದ ಗೋಡೆ

ಅಫಜಲಪುರದ ಗೌಂಡಿ ಪೀರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಚೌಡಾಪುರದಲ್ಲಿ ಒಬ್ಬ, ಇವನು ಬಳಿದ ಮಣ್ಣಿನ ಗಿಲಾವ ಇನ್ನೂ ಹಸಿ ಇರುವಾಗಲೇ ಅಂಗಿ ತೂಗುಹಾಕಲು ಗೋಡೆಗೆ ಗೂಟ ಬಡಿದ. ಪೀರಪ್ಪ ಅದೇ ಗೂಟ ಕಿತ್ತು ಅವನ ಬಾಯಿಗೆ ಹೊಡೆದು ಹಲ್ಲು ಉದುರಿಸಿ ಬಂದ. ಇಂಥವನನ್ನು ಹುಡುಕಿಕೊಂಡು ಆಳಂದ, ಜೇವರ್ಗಿ ಕಡೆಯಿಂದಲೂ ಜನ ನಮ್ಮ ಓಣಿಗೆ ಬರುತ್ತಿದ್ದರು. ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಏಳುತ್ತದಲ್ಲ, ಆ ಗೋಡೆ ಕಟ್ಟಿ ಗಿಲಾವ ಬಳಿಯುವುದು ಅವನ ಕಸುಬು. ಬೇರೆ ಗೌಂಡಿಗಳು ಆ ಕೆಲಸಕ್ಕೆ ಹೆದರುತ್ತಿದ್ದರು.

ಹೆದರಲು ಕಾರಣವಿತ್ತು. ಗೋಡೆಯೊಳಗೆ ದೀಪ ಇಡಲು ತೆಗೆಯುವ ಗೂಡಿಗೆ ನಮ್ಮಲ್ಲಿ ಮಾಡ ಅನ್ನುತ್ತಾರೆ. ನಡುಗೋಡೆಯಲ್ಲಿ ಮಾಡ ಯಾರ ಕಡೆ ಇದೆಯೋ ಗೋಡೆ ಅವರದು ಎಂದು ಪಂಚರು ಹೇಳುವುದು ರೂಢಿ. ಅಂಗೈಯಗಲದ ಗೂಡಿಗಾಗಿ ತಲೆ ಒಡೆದುಕೊಂಡವರನ್ನು ನಾನೇ ಕಂಡಿದ್ದೇನೆ. ಅದಕ್ಕೇ ಪೀರಪ್ಪನ ನಡುಗೋಡೆಗೆ ಮಾಡವಿಲ್ಲ, ಗೂಟವಿಲ್ಲ, ಮೊಳೆಯೂ ಇಲ್ಲ. ಈ ಕಡೆ ಒಂದು ಪಟ್ಟಿ ಗಿಲಾವ ಬಳಿದರೆ ಕೂಡಲೇ ಆ ಕಡೆಗೆ ಹೋಗಿ ಅಷ್ಟೇ ಎತ್ತರಕ್ಕೆ ಇನ್ನೊಂದು ಪಟ್ಟಿ ಬಳಿಯುತ್ತಿದ್ದ. ದಿನವಿಡೀ ಎರಡು ಬಾಗಿಲು ಸುತ್ತಿ ಸುತ್ತಿ ಇಬ್ಬರನ್ನೂ ಬೈಯುತ್ತಿದ್ದ. ಸಂಜೆಗೆ ಎರಡೂ ಮೈ ಒಂದೇ ಸಮ ನುಣುಪಾಗಿರುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ಘತ್ತರಗಿ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಅಣ್ಣ ದೌಲತರಾಯ, ತಮ್ಮ ಮಲ್ಲಣ್ಣ. ಪಾಲಿನ ದಿನವೇ ಇಬ್ಬರೂ ಕೊಡಲಿ ಹಿಡಿದು ಬೀದಿಗೆ ಬಿದ್ದಿದ್ದರು. ಒಬ್ಬನ ಭುಜಕ್ಕೆ, ಇನ್ನೊಬ್ಬನ ತಲೆಗೆ ಹೊಲಿಗೆ ಹಾಕಿಸಬೇಕಾಯಿತು. ಪಂಚರು ಇಬ್ಬರನ್ನೂ ಭಾಗ್ಯವಂತಿ ಗುಡಿಗೆ ಎಳೆದೊಯ್ದು, ಗೋಡೆ ಇಬ್ಬರದೂ ಹೌದು, ಯಾರೂ ಮಾಡ ತೆಗೆಯಕೂಡದು ಎಂದು ಆಣೆ ಮಾಡಿಸಿದರು. ಮಲ್ಲಣ್ಣ ಅಷ್ಟಕ್ಕೇ ಬಿಡಲಿಲ್ಲ. "ನನ್ನ ಮನ್ಯಾಗ ಯಾರರೆ ಆಣಿ ಮುರದ್ರ, ನನ್ನ ಹೇಂತಿ ಆದ್ರೂ ಸೈ, ಕಡದು ಭೀಮಾ ಹೊಳಿಗಿ ಒಗಿತೇನಿ" ಎಂದ. ಬರೀ ಬಾಯಿಮಾತಲ್ಲ ಅದು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೆಂಡತಿ ಕಸ್ತೂರಿಬಾಯಿಯ ಎಡಗೈ ಮುರಿದವನು ಅವನು. ಆ ಕೈ ಸೊಟ್ಟಗೇ ಕೂಡಿಕೊಂಡಿತ್ತು.

ಹಸಿ ಇಟ್ಟಂಗಿಯ ಗೋಡೆ ಎದ್ದಿತು. ಹೊಟ್ಟು ಹಾಕಿ ಕೊಳೆಸಿದ ಮಣ್ಣನ್ನು ಪೀರಪ್ಪ ಕರಣಿಯಲ್ಲಿ ತುಂಬಿ ಯಾರಿಗೋ ಕಪಾಳಕ್ಕೆ ಬಾರಿಸುವ ಹಾಗೆ ಗೋಡೆಗೆ ಬಡಿಯುತ್ತಿದ್ದ. ಮಲ್ಲಣ್ಣ ಹೊಲಕ್ಕೆ ಹೋಗಿದ್ದಾಗ ಕಸ್ತೂರಿಬಾಯಿ ಮಜ್ಜಿಗೆ ತಂದಿಟ್ಟಳು. ಅವಳಿಗೆ ದಿನ ತುಂಬಿತ್ತು.

"ಅಣ್ಣಾ, ನಮ್ಮ ಪಾಲಿಗಿ ದನಾ ಕಟ್ಟೋ ಅಂಕಣ ಬಂದದ. ಕಲ್ಲಿನ ಗೋಡ್ಯಾಗ ಒಂದು ಮಾಡ ಇಲ್ಲ. ದೀಪ ನೆಲದ ಮ್ಯಾಲಿಟ್ರ ಕರುಗೋಳು ಕೆಡವತಾವ. ಹೋದ ಸಲ ಕತ್ತಲದಾಗ ಚೇಳು ಕಡದು ನನ್ನ ಕೂಸು ಸತ್ತದ. ಈ ಹೊಟ್ಟ್ಯಾಗಿಂದಾದ್ರೂ ಉಳೀಲಿ. ಒಂದು ಹಣತಿ ಹಿಡಿಯೋಷ್ಟು ಮಾಡ ತಗದು ಕೊಡ್ರಿ."

"ಹುಚ್ಚಿ ಏನಬೇ ನೀ? ಇಲ್ಲಿ ಹೆಣ ಬೀಳ್ತಾವ!" ಪೀರಪ್ಪ ಕರಣಿ ಎತ್ತಿಯೇಬಿಟ್ಟ.

ಅವಳು ಅಲುಗಲಿಲ್ಲ. "ಮುಂದ ಜ್ವಾಳದ ಚೀಲ ಹಚ್ಚಿ ಇಡ್ತೇನಿ. ಅವರು ರಾತ್ರಿ ಹೊಲದಾಗೇ ಮಲಗತಾರ. ಯಾರಿಗೂ ಕಾಣಂಗಿಲ್ಲ."

ಇಲ್ಲಿ ನನಗೆ ಪೀರಪ್ಪನ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಊರವರಿಗೆಲ್ಲ ಹೊಡೆದು ಬುದ್ಧಿ ಕಲಿಸಿದ ಗಂಡಸು, ಒಂದು ಸೊಟ್ಟ ಕೈ ನೋಡಿ ಕರಗಿಬಿಟ್ಟ. ಹಸಿ ಗೋಡೆಗೆ ಕರಣಿ ಇಳಿಸಿ ಮಾಡ ಕೊರೆದ, ಅಂಚು ನುಣುಪು ಮಾಡಿ ಕೊಟ್ಟ. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಮರುದಿನ ಬೆಳಿಗ್ಗೆ ದೌಲತರಾಯ ತನ್ನ ಕಡೆಯ ಗಿಲಾವ ಒಣಗಿತೋ ಇಲ್ಲವೋ ಎಂದು ಗೋಡೆಯುದ್ದಕ್ಕೂ ಗುದ್ದುತ್ತ ಬಂದ. ಒಂದು ಕಡೆ ಸದ್ದು ಪೊಳ್ಳಾಯಿತು. ಮತ್ತೆ ಗುದ್ದಿದ. ಒಳಗೆ ಹೋಗಿ ಕೊಡಲಿ ತಂದು ಅದೇ ಜಾಗಕ್ಕೆ ಬೀಸಿದ. ಅಲಗು ಗೋಡೆ ಸೀಳಿಕೊಂಡು ಆ ಕಡೆಯ ಮಾಡದೊಳಗೆ ಹೊಕ್ಕಿತು, ಹಣತೆ ಒಡೆದು ಎಣ್ಣೆ ಚೆಲ್ಲಿತು.

"ಆಣಿ ಮುರದ್ಯಾ ಮಗನಽ!" ಎಂದು ಒದರುತ್ತ ಅವನು ತಮ್ಮನ ಬಾಗಿಲಿಗೆ ನುಗ್ಗಿದ. ಹೊಲದಿಂದ ಆಗಷ್ಟೇ ಬಂದಿದ್ದ ಮಲ್ಲಣ್ಣನಿಗೆ ಏನೆಂದು ತಿಳಿಯುವ ಮೊದಲೇ ಏಟು ಬಿತ್ತು. ಕಿವಿ ಹರಿದು ರಕ್ತ ಅಂಗಿಗೆ ಇಳಿಯಿತು. ಅವನು ಗುದ್ದಲಿ ಎತ್ತಿ ಅಣ್ಣನ ಪಕ್ಕೆಗೆ ಹೊಡೆದ. ಇಬ್ಬರೂ ಕೊಸರಾಡುತ್ತ ಜೋಳದ ಚೀಲದ ಮೇಲೆ ಬಿದ್ದರು. ಚೀಲ ಉರುಳಿತು, ಮಾಡ ಕಂಡಿತು. ಮಲ್ಲಣ್ಣ ಹೊಡೆಯುವುದನ್ನು ಬಿಟ್ಟು ಅದನ್ನೇ ನೋಡಿದ.

"ಯಾರು ಹೇಳಿದ್ರು ಇದಕ್ಕ? ಯಾರು ತಗಸಿದ್ರು?"

ಊರೆಲ್ಲ ಬಾಗಿಲಲ್ಲಿ ಸೇರಿತ್ತು. ಕಸ್ತೂರಿಬಾಯಿ ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದಳು. ಮಲ್ಲಣ್ಣ ಗುದ್ದಲಿ ಸಮೇತ ಆ ಕಡೆ ತಿರುಗಿದ. ಆಗ, ಉಳಿದ ಕೆಲಸಕ್ಕೆಂದು ಬಂದಿದ್ದ ಪೀರಪ್ಪ ಜನರನ್ನು ಸರಿಸಿಕೊಂಡು ಒಳಗೆ ಬಂದ.

"ನಾನೇ ತಗದೇನಿ. ಯಾರೂ ಹೇಳಿಲ್ಲ. ನನ್ನ ಕರಣಿ, ನನ್ನ ಕೊಬ್ಬು. ಏನು ಮಾಡ್ತೀರಿ ಮಾಡ್ರಿ."

ಮಾಡಿದರು. ಮಲ್ಲಣ್ಣ ಅವನನ್ನು ಕೆಡವಿ ಎದೆಯ ಮೇಲೆ ಕೂತ. ದೌಲತರಾಯ ಅವನ ಬಲಗೈಯನ್ನು ಹೊಸ್ತಿಲ ಮೇಲೆ ಎಳೆದಿಟ್ಟು ಕೊಡಲಿಯ ಹಿಂಬದಿಯಿಂದ ಜಜ್ಜಿದ. ಬೆರಳಿನ ಎಲುಬು ಮುರಿದ ಸದ್ದು ಬೀದಿಯವರೆಗೂ ಕೇಳಿಸಿತಂತೆ. ಜನ್ಮದಲ್ಲಿ ಒಂದು ಏಟನ್ನೂ ತಿರುಗಿಸದೆ ಬಿಟ್ಟವನಲ್ಲ ಪೀರಪ್ಪ, ಅವತ್ತು ಎಡಗೈ ಸಹ ಎತ್ತಲಿಲ್ಲ. ತಿರುಗಿ ಹೊಡೆದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ಅವಳ ಹೆಸರು ಹೊರಬೀಳುತ್ತದೆ. ಆ ಅಣ್ಣತಮ್ಮಂದಿರು ಎಷ್ಟೋ ವರ್ಷಗಳ ಮೇಲೆ ಕೂಡಿ ಮಾಡಿದ ಕೆಲಸ ಅದೊಂದೇ.

ಬೆರಳುಗಳು ಮುಷ್ಟಿಯಾಗಿಯೇ ಸೆಟೆದುಕೊಂಡವು. ಹೆಸರೂ ಹೋಯಿತು. ಪೀರಪ್ಪ ಮಲ್ಲಣ್ಣನ ಕಡೆಯಿಂದ ದುಡ್ಡು ತಿಂದು ಕದ್ದು ಮಾಡ ತೆಗೆದನೆಂದು ಜೇವರ್ಗಿಯವರೆಗೂ ಸುದ್ದಿ ಹಬ್ಬಿತು. ಆಮೇಲೆ ಯಾರೂ ಅವನಿಗೆ ನಡುಗೋಡೆ ಕೊಡಲಿಲ್ಲ. ಹೆಂಡತಿ ಗುರುಬಾಯಿ ಕರಣಿ ಹಿಡಿದಳು. ದನದ ಕೊಟ್ಟಿಗೆ, ಬಚ್ಚಲು, ಸಿಕ್ಕಿದ್ದಕ್ಕೆಲ್ಲ ಗಿಲಾವ ಬಳಿದಳು. ಅವನು ಕಾಲಿನಿಂದ ಮಣ್ಣು ತುಳಿದು, ಎಡಗೈಯಿಂದ ಎತ್ತಿ ಕೊಡುತ್ತಿದ್ದ. ಗುರುಬಾಯಿಯ ಬಾಯಿ ಸಣ್ಣದಲ್ಲ. "ಏನು ತಿಂದಿದ್ದೆಲೇ ಅವರ ಕಡಿಂದ, ಕಳ್ಳಾ?" ಎಂದು ದಿನಾ ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಒಮ್ಮೆ ಹಿಟ್ಟಿನ ಕೈಯಲ್ಲೇ ಅವನ ಕಪಾಳಕ್ಕೆ ಹೊಡೆದಿದ್ದನ್ನು ನಾನು ನೋಡಿದೆ. ಅವನು ಮುಖ ಒರೆಸಿಕೊಂಡು, "ಕೊಬ್ಬು ಬಂದಿತ್ತು, ತಗದೆ" ಅಂದ. ಯಾವಾಗ ಕೇಳಿದರೂ ಅದೇ ಮಾತು.

ತೊಂಬತ್ತರ ದಶಕ ಅರ್ಧ ಕಳೆದ ಮೇಲೆ ಪೀರಪ್ಪ ತೀರಿಕೊಂಡ. ಅವನ ಮಣ್ಣಿಗೆ ಆ ಹಳ್ಳಿಯಿಂದಲೂ ಒಂದು ಗಾಡಿ ಬಂತು. ಮಲ್ಲಣ್ಣ, ಕಸ್ತೂರಿಬಾಯಿ, ಅವರ ಬೆಳೆದ ಮಗಳು. ಕುಣಿಗೆ ಮಣ್ಣು ಎಳೆಯುವ ಹೊತ್ತಿಗೆ ಕಸ್ತೂರಿಬಾಯಿ ಮುಂದೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: "ಆ ಮಾಡ ನಾ ತಗಸಿದ್ದು. ಈ ಮಗಳ ಸಲುವಾಗಿ ನಾನೇ ಬೇಡಿಕೊಂಡಿದ್ದೆ. ಅಣ್ಣ ಸುಳ್ಳು ಹೇಳಿ ನನ್ನ ಉಳಿಸಿದ."

ಗುರುಬಾಯಿ ಎದ್ದು ಬಂದು ಅವಳ ಕೆನ್ನೆಗೆ ಬಾರಿಸಿದಳು.

"ದಿನಾ ಕಳ್ಳ ಅಂದೇನಲ್ಲಬೇ ಅವಗ! ಸಾಯೋತನಕ ಕಳ್ಳ ಅಂದೇನಿ! ನಿನ್ನ ಬಾಯಾಗ ಮಣ್ಣು ಹೊಕ್ಕಿತ್ತೇನು?"

"ಹೊಡಿ ಅಕ್ಕಾ. ಇನ್ನೊಂದು ಹೊಡಿ."

ಗುರುಬಾಯಿ ಹೊಡೆದಳು. ಹೊಡೆಯುತ್ತಲೇ ಅತ್ತಳು.

"ಆಣಿ ಮುರದಾಕಿ ನೀನೇನಬೇ!" ಎಂದು ಮಲ್ಲಣ್ಣ ಬಡಿಗೆ ಎತ್ತಿಕೊಂಡು ನುಗ್ಗಿದ. ಗುರುಬಾಯಿ ಕುಣಿಯ ಪಕ್ಕದ ಗುದ್ದಲಿ ಕಸಿದುಕೊಂಡು ನಡುವೆ ನಿಂತಳು.

"ಮುಂದ ಹೆಜ್ಜಿ ಇಟ್ರ ಇದೇ ಕುಣ್ಯಾಗ ನಿನ್ನೂ ಮುಚ್ತೇನಿ. ಈಕಿ ಜೀವಾ ಉಳಸಾಕ ನನ್ನ ಗಂಡ ಕೈ ಕಳಕೊಂಡಾನ. ಹೊಡಿಯೋದಿದ್ರ ನಾ ಹೊಡಿತೇನಿ. ನೀ ಮುಟ್ಟಬ್ಯಾಡ."

ಅವಳು ಗುದ್ದಲಿ ಇಳಿಸಲಿಲ್ಲ. ಮಲ್ಲಣ್ಣ ಬಡಿಗೆ ಇಳಿಸಿದ. ಕಸ್ತೂರಿಬಾಯಿ ಅವತ್ತು ಗಂಡನ ಗಾಡಿ ಹತ್ತಲಿಲ್ಲ. ಮಗಳ ಕೈ ಹಿಡಿದು ಗುರುಬಾಯಿಯ ಮನೆಗೆ ನಡೆದಳು.