ಪೋಷಕರ ನಂಬರು ಬೇರೆಯೇ ಇರಬೇಕಂತೆ

ಸ್ನೇಹಿತರೇ, ಇವತ್ತು ಕಡಬದ ಸೇವಾ ಕೇಂದ್ರದಲ್ಲಿ ನನ್ನ ಹತ್ತನೇ ತರಗತಿ ಶುರುವಾಗುವ ಮೊದಲೇ ನಿಂತುಹೋಗುತ್ತಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಖಾಸಗಿಯಾಗಿ ನೇರ ಹತ್ತನೇ ಪರೀಕ್ಷೆ ಕಟ್ಟುವ ಫಾರ್ಮಿಗೆ ಇವತ್ತೇ ಕೊನೆಯ ದಿನ.

ಕಂಪ್ಯೂಟರಿನ ಮುಂದಿದ್ದ ಪ್ರವೀಣಣ್ಣ ಹೇಳಿದರು, “ನಿಮ್ಮ ನಂಬರೂ ಪೋಷಕರ ನಂಬರೂ ಒಂದೇ ಆದ್ರೆ ಇದು ತೆಗೊಳ್ಳುದಿಲ್ಲ.”

ನನಗೂ ತಾಯಿಗೂ, ಅಂದರೆ ನನ್ನ ಉಮ್ಮನಿಗೂ, ಇರುವುದು ಒಂದೇ ಫೋನು. ದುಬೈಯಲ್ಲಿರುವ ಅಪ್ಪನ ನಂಬರು ಹಾಕಿಸಿದೆ. ಅದು ಭಾರತದ್ದಲ್ಲ ಎಂದು ಖಾನೆ ಕೆಂಪಾಯಿತು. ಚೀಲ ತೆಗೆದುಕೊಂಡು ಹೊರಟೆ.

ಹಿಂದೆ ಕಾಯುತ್ತಿದ್ದ, ಗುರುತೇ ಇಲ್ಲದ ಹೆಂಗಸೊಬ್ಬರು ತಡೆದರು. “ಎಲ್ಲಿಗೆ ಹೋಗುದು ಮಾರಾಯ್ತಿ? ನನ್ನ ನಂಬರ್ ಹಾಕಲಿ.” ಕೋಡಿಂಬಾಳದ ಲಲಿತಕ್ಕ ಅಂತೆ.

“ಸಂಬಂಧ ಎಂತ ಹಾಕುದು?” ಎಂದರು ಪ್ರವೀಣಣ್ಣ.

“ತಾಯಿ ಅಂತ ಹಾಕಿ.”

“ಆಗುದಿಲ್ಲ ಅಕ್ಕ. ಮೇಲೆ ತಾಯಿ ಹೆಸರು ಆಯಿಷಾ ಅಂತ ಉಂಟು. ಎರಡೂ ತಾಳೆ ಆಗ್ಬೇಕು.”

“ಹಾಗಾದ್ರೆ ಇತರೆ ಅಂತ ಹಾಕಿ. ಬೇಗ ಮಾಡಿ, ನನ್ನದೂ ಕೆಲಸ ಉಂಟು.”

ಫಾರ್ಮು ಒಪ್ಪಿಕೊಂಡಿತು. ಲಲಿತಕ್ಕ ನನ್ನ ನಂಬರನ್ನೂ ಬರೆದುಕೊಂಡರು. ಎದುರಿಗೆ ನಿಂತು ಥ್ಯಾಂಕ್ಸ್ ಹೇಳಲು ನನಗೆ ನಾಚಿಕೆಯಾಯಿತು, ಸುಮ್ಮನೆ ತಲೆಯಾಡಿಸಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ: ಲಲಿತಕ್ಕ, ನೀವು ಇಲ್ಲದಿದ್ದರೆ ನನಗೆ ಈ ವರ್ಷ ಪರೀಕ್ಷೆಯೇ ಇರುತ್ತಿರಲಿಲ್ಲ.

ಸಂಜೆ ಅವರದೇ ಫೋನು ಬಂತು. “ಪುಸ್ತಕ ತೆಗೆದಿಯಾ? ಗಣಿತ ಬರ್ತದಾ ನಿಂಗೆ?”

ಫಾರ್ಮು ಕೇಳಿದ್ದು ಒಂದು ನಂಬರು ಮಾತ್ರ. ಲಲಿತಕ್ಕ ಆಗಲೇ ಪೋಷಕರ ಕೆಲಸ ಶುರುಮಾಡಿದ್ದಾರೆ. ಇನ್ನು ನಾನು ನಿಜವಾಗಿಯೂ ಓದಬೇಕು.