ಕಲಾಮಂದಿರಕ್ಕೆ ಬಿದ್ದ ಎರಡು ಬೀಗ

ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ, ಸ್ಕೂಲ್ ಡೇ ಮುಗಿಸಿ ಬಂದ ಮೊಮ್ಮಗಳ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಎಣ್ಣೆ, ಬಣ್ಣ, ಬೆವರು ಬೆರೆತ ಆ ವಾಸನೆ ಮೂಗಿಗೆ ಬಡಿದು ನನ್ನ ಕೈ ನಿಂತುಹೋಯಿತು. ಅದು ನನ್ನ ಮುಖದ ಮೇಲೂ ಒಂದು ದಿನ ಇತ್ತು. ಒಂದೇ ಒಂದು ದಿನ. ಅವತ್ತು ನಾನು ರಾಜನಾಗಿದ್ದೆ.

ನಗಬೇಡಿ. ಅಥವಾ ನಗಿ, ಪರವಾಗಿಲ್ಲ. ಅವತ್ತು ನಮ್ಮ ಬೀದಿಗೆ ಬೀದಿಯೇ ನಕ್ಕಿತ್ತು.

ನಾನು ಮದುವೆಯಾಗಿ ಕುಣಿಗಲ್ಲಿನಿಂದ ಗುಬ್ಬಿಗೆ ಬಂದಾಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಬೀದಿಯ ತುದಿಯಲ್ಲಿ ಹಂಚು ಹೊದೆಸಿದ ಉದ್ದನೆಯ ಕಟ್ಟಡವೊಂದಿತ್ತು. ಕಲಾಮಂದಿರ ಎಂದು ಅದರ ಹೆಸರು. ಹೆಸರು ಕೇಳಿ ಏನೇನೋ ಊಹಿಸಿಕೊಳ್ಳಬೇಡಿ, ಹಿಂದೆ ಅದು ಕಡ್ಲೆಕಾಯಿ ತುಂಬುವ ಮಳಿಗೆಯಾಗಿತ್ತು. ಬೀದಿಯವರೇ ಸೇರಿ ಗೋಡೆ ಎತ್ತರಿಸಿ, ಒಂದು ತುದಿಗೆ ಕಲ್ಲುಚಪ್ಪಡಿಯ ವೇದಿಕೆ ಕಟ್ಟಿದ್ದರು. ಬೆಳಿಗ್ಗೆ ಹಾರ್ಮೋನಿಯಂ ಪಾಠ, ಸಂಜೆ ಹಾಡು, ವರ್ಷಕ್ಕೊಂದು ನಾಟಕ. ನಲ್ಲಿಯ ಹತ್ತಿರ ಮುಖ ತಿರುಗಿಸಿಕೊಂಡು ಹೋಗುವವರೂ ಅಲ್ಲಿ ಒಂದೇ ಜಮಖಾನದ ಮೇಲೆ ಕೂರುತ್ತಿದ್ದರು. ಹೆಂಗಸರಿಗೆ ಮಾತ್ರ ಬೇರೆ ಲೆಕ್ಕ. ನೆಲ ಸಾರಿಸುವವರು ನಾವು. ನಾಟಕದ ದಿನ ಬಿದಿರು ತಡಿಕೆಯ ಹಿಂದೆ ಕೂತು ಸಂದಿಯಲ್ಲಿ ಇಣುಕುವವರೂ ನಾವೇ.

ನನ್ನ ಯಜಮಾನರು ಸ್ಕೂಲ್ ಮೇಷ್ಟ್ರು. ಒಂದು ವರ್ಷ ತಾವೇ ಒಂದು ನಾಟಕ ಬರೆದರು. ರಾಜ್ಯ ಕಳೆದುಕೊಂಡ ರಾಜನೊಬ್ಬ ತನ್ನ ಊರಿಗೇ ಕೂಲಿಯವನಾಗಿ ಬರುವ ಕಥೆ. ಬರೆದವನೇ ರಾಜನಾಗಬೇಕೆಂದು ಇವರು. ಕಟ್ಟಡಕ್ಕೆ ಹಂಚು ಹೊದೆಸಿದ ತಾನೇ ರಾಜನಾಗಬೇಕೆಂದು ಎಣ್ಣೆ ಅಂಗಡಿ ರುದ್ರಪ್ಪನವರು. ವಾರಗಟ್ಟಲೆ ಇಬ್ಬರೂ ವೇದಿಕೆಯ ಮೇಲೆ ನಿಂತು ರಾಜನ ಮಾತುಗಳನ್ನು ಪೈಪೋಟಿಯಲ್ಲಿ ಕೂಗಿದರು. ಕೊನೆಗೆ ಜಗಳ ಹತ್ತಿ ರುದ್ರಪ್ಪನವರು ಬಾಗಿಲ ಮೇಲಿನ ಚಿಲಕಕ್ಕೆ ಬೀಗ ಹಾಕಿದರು. ಮಾರನೆಯ ದಿನ ಇವರು ಹೋಗಿ ಕೆಳಗಿನ ಚಿಲಕಕ್ಕೆ ಇನ್ನೊಂದು ಜಡಿದು ಬಂದರು.

ಬೀದಿ ಎರಡಾಯಿತು. ರುದ್ರಪ್ಪನವರ ಹೆಂಡತಿ ಗೌರಮ್ಮ ಆ ಊರಿನಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅವಳ ಜೊತೆ ಮಾತಾಡಕೂಡದೆಂದು ಇವರ ಅಪ್ಪಣೆ, ಅವಳಿಗೂ ಅಂಥದ್ದೇ. ಆರು ತಿಂಗಳು ನಾವಿಬ್ಬರೂ ವಿಧೇಯರಾಗಿದ್ದೆವು. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಕಲಾಮಂದಿರದ ಎದುರಿಗೇ ಜುಬೇದಮ್ಮನ ಮನೆ. ಜಗಲಿಯ ಮೇಲೆ ಹೊಲಿಗೆ ಮಿಷನ್ ಇಟ್ಟುಕೊಂಡು ಬೀದಿಯ ಬಟ್ಟೆಯನ್ನೆಲ್ಲ ಹೊಲಿಯುತ್ತಿದ್ದರು. ವೇದಿಕೆಯ ಕೆಂಪು ಪರದೆಯೂ ಅವರದೇ ಕೈಕೆಲಸ. ಒಂದು ಮಧ್ಯಾಹ್ನ ನಮ್ಮ ಹಿತ್ತಲಿಗೆ ಬಂದರು.

"ಮೇಷ್ಟ್ರಮ್ಮ, ನನ್ ಪರದೆ ಇಲಿ ಕಡೀತಾ ಇದಾವೆ. ನಿಮ್ಮೋರ ಬೀಗದ ಕೈ ಎಲ್ಲಿರ್ತದೆ ಅಂತ ನಿಮಗೆ ಗೊತ್ತಲ್ವಾ?"

ಒಂದು ಬೀಗ ತೆಗೆದರೆ ಏನು ಬಂತು ಎಂದೆ.

"ಇನ್ನೊಂದು ಗೌರಮ್ಮ ತರ್ತಾರೆ. ಕೇಳ್ಕೊಂಡೇ ಬಂದೆ."

ಮಾರನೆಯ ದಿನ ಇವರು ಸ್ಕೂಲಿಗೆ, ರುದ್ರಪ್ಪನವರು ತುಮಕೂರಿಗೆ ಹೋದ ಮೇಲೆ ನಾನೂ ಗೌರಮ್ಮನೂ ಆ ಬಾಗಿಲ ಮುಂದೆ ನಿಂತೆವು. ಅವಳು ನನ್ನ ಮುಖ ನೋಡಲಿಲ್ಲ. "ಇಬ್ರೂ ಒಟ್ಟಿಗೇ ತೆಗ್ಯಾಣ ಕಣೇ" ಎಂದಳು. ತೆಗೆದೆವು.

ಇಲಿ ಕಡಿದ ಪರದೆಯನ್ನು ನೆಲದ ಮೇಲೆ ಹರಡಿ ಹರಕು ತೋರಿಸುತ್ತಿದ್ದ ಜುಬೇದಮ್ಮ ಇದ್ದಕ್ಕಿದ್ದಂತೆ ವೇದಿಕೆ ಹತ್ತಿ ರಾಜನ ಮಾತು ಶುರು ಮಾಡಿದರು. ಒಂದಿಷ್ಟೂ ತಡವರಿಸದೆ ಇಡೀ ದೃಶ್ಯ ಹೇಳಿದರು. ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲವೂ ಗೊತ್ತಿತ್ತು. ಮಿಷನ್ ತುಳಿಯುತ್ತಲೇ ವರ್ಷವರ್ಷದ ತಾಲೀಮನ್ನೂ ಕೇಳಿಸಿಕೊಂಡಿದ್ದ ಹೆಂಗಸು! ಈ ನಾಟಕವನ್ನು ನಾವೇ ಆಡೋಣ ಎಂದದ್ದು ಗೌರಮ್ಮ. ಉದ್ದ ಇದ್ದೇನೆಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ರಾಜನಾಗಿ ಆರಿಸಿದ್ದು ಜುಬೇದಮ್ಮ.

ಸುದ್ದಿ ಮನೆ ಮುಟ್ಟಿತು. ಇವರು ಬೀಗದ ಕೈ ಕೇಳಿದರು. "ಕೊಡಲ್ಲ" ಎಂದೆ. ಆ ಮಾತನ್ನು ಅದಕ್ಕೆ ಮುಂಚೆ ಯಾರಿಗೂ ಅಂದವಳಲ್ಲ. ನಾನು ವೇದಿಕೆ ಹತ್ತಿದರೆ ತಾವು ಈ ಮನೆಯಲ್ಲಿರುವುದಿಲ್ಲ ಎಂದರು.

"ಹಾಗಾದ್ರೆ ಬಟ್ಟೆ ಮಡಿಸಿಡ್ತೀನಿ."

ನಿಟ್ಟೂರಿನ ಅಕ್ಕನ ಮನೆಗೆ ಹೊರಟೇಹೋದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಬೆಳಿಗ್ಗೆ ಮುಖ ತೊಳೆದು ತಾಲೀಮಿಗೆ ಹೋದೆ. ರುದ್ರಪ್ಪನವರು ಮನೆ ಬಿಡಲಿಲ್ಲ, ಹೆಂಡತಿಯ ಜೊತೆ ಮಾತು ಬಿಟ್ಟರು. ಉರು ಹೊಡೆಯಲು ಪುರುಸೊತ್ತು ಸಿಕ್ಕಿತೆಂದಳು ಗೌರಮ್ಮ.

ಭಾನುವಾರ ಮಧ್ಯಾಹ್ನವೇ ನಾಟಕ. ಬಿದಿರು ತಡಿಕೆ ಕಿತ್ತು ಅರಮನೆಯ ಗೋಡೆ ಮಾಡಿದೆವು. ಹೆಂಗಸರು ಮುಂದೆ ಕೂತರು, ಗಂಡಸರು ಜಾಗ ಸಿಕ್ಕಲ್ಲಿ. ಎರಡೂ ಕಡೆಯವರು ಬಂದಿದ್ದರು, ನಗುವುದಕ್ಕೆಂದೇ. ನಾನೂ ಅವಕಾಶ ಮಾಡಿಕೊಟ್ಟೆ: ಕತ್ತಿ ತಲೆಕೆಳಗಾಗಿ ಹಿಡಿದೆ, ಮೀಸೆ ತುಟಿಯ ಮೇಲಿಂದ ಗಲ್ಲಕ್ಕೆ ಜಾರಿತು. ಒಬ್ಬ ಶಿಳ್ಳೆ ಹಾಕಿದ. ಪರದೆಯ ಮರೆಯಿಂದ ಜುಬೇದಮ್ಮ "ನಿಲ್ಲಿಸಬೇಡಿ" ಎಂದರು. ನಿಲ್ಲಿಸಲಿಲ್ಲ.

ಮೂರನೆಯ ದೃಶ್ಯದಲ್ಲಿ ಕೂಲಿಯವನಾದ ರಾಜ ಮನೆಮನೆಯ ಮುಂದೆ ನೀರು ಕೇಳುತ್ತಾನೆ, ಯಾರೂ ಕೊಡುವುದಿಲ್ಲ. ಮೂರು ಸಲ ಕೇಳಿದೆ. ನಗು ಯಾವಾಗ ನಿಂತಿತೋ ತಿಳಿಯಲಿಲ್ಲ. ಜನರ ನಡುವಿನಿಂದ ಒಬ್ಬ ಮುದುಕಿ ಎದ್ದು ಬಂದು, ತನ್ನ ಚೊಂಬನ್ನೇ ನನ್ನ ಕಡೆ ಎತ್ತಿ ಹಿಡಿದಳು. ನಾಟಕದಲ್ಲಿ ಅದು ಇರಲಿಲ್ಲ. ನಾನು ಬಗ್ಗಿ ಈಸಿಕೊಂಡು ಕುಡಿದೆ.

ನಾಟಕವಾದ ಒಂಬತ್ತನೆಯ ದಿನ ಇವರು ಮನೆಗೆ ಬಂದರು. ಕತ್ತಿ ತಲೆಕೆಳಗಾಗಿ ಹಿಡಿದಿದ್ದೆಯಂತೆ ಎಂದರು, ಚಪ್ಪಲಿ ಬಿಡುತ್ತಾ. "ಹೌದು. ಅದನ್ನ ಹೇಳಿದೋರು ನೀರು ಕೊಟ್ಟಿದ್ದನ್ನ ಹೇಳಲಿಲ್ವಾ?" ಎಂದೆ. ನಾನು ತಪ್ಪಾಯಿತೆನ್ನಲಿಲ್ಲ, ಕೇಳುವ ಧೈರ್ಯ ಅವರಿಗೂ ಇರಲಿಲ್ಲ. ಬೀಗದ ಕೈಗಳು ಎರಡೂ ಜುಬೇದಮ್ಮನ ಮಿಷನ್ನಿನ ಡ್ರಾಯರ್ ಸೇರಿದವು.

ಇಷ್ಟು ವರ್ಷ ಇದನ್ನೆಲ್ಲ ತಮಾಷೆಯಾಗಿಯೇ ಹೇಳಿಕೊಂಡು ಬಂದೆ. ನಿನ್ನೆ ಗುಬ್ಬಿಯಿಂದ ಒಬ್ಬ ಯುವಕ ಫೋನ್ ಮಾಡಿದ್ದ. ಕಲಾಮಂದಿರದ ಸ್ಮರಣ ಸಂಚಿಕೆಗೆ ಸಂಸ್ಥಾಪಕರೆಂದು ನಮ್ಮ ಯಜಮಾನರದೂ ರುದ್ರಪ್ಪನವರದೂ ಫೋಟೊ ಬೇಕಂತೆ. ಕೊಡುತ್ತೇನೆ ಎಂದೆ, ಅವರು ಪಟ್ಟ ಶ್ರಮ ಸುಳ್ಳಲ್ಲ. ಗೌರಮ್ಮನ ಹೆಸರು, ಜುಬೇದಮ್ಮನ ಹೆಸರು ಬರೆದುಕೊಳ್ಳಲು ಹೇಳಿದೆ. ಅವನು ಮರ್ಯಾದೆಯಿಂದಲೇ ಕೇಳಿದ, ಜುಬೇದಮ್ಮ ಪರದೆ ಹೊಲಿದವರು ಎಂದು ಹಾಕಲೇ ಎಂದು.

ತಮಾಷೆ ಅಲ್ಲಿಗೆ ಮುಗಿಯಿತು.

"ನಾಟಕ ಆಡಿಸ್ದೋರು ಅಂತ ಬರಿಯಪ್ಪ. ಬರ್ದು ನನಗೆ ಓದಿ ಹೇಳು. ಅಲ್ಲೀವರೆಗೂ ಫೋನ್ ಇಡಲ್ಲ."

ಅವನು ಬರೆದು ಓದಿದ. ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು; ತಿದ್ದಿಸಿದೆ.